ಬೋರಲು ಬೀಳುವ ಪರೀಕ್ಷೆ

ಮೂವತ್ತೊಂದು ವರ್ಷದಲ್ಲಿ ಬಾಳಮ್ಮನ ತೆಪ್ಪ ಒಮ್ಮೆಯೂ ಬೋರಲು ಬಿದ್ದಿರಲಿಲ್ಲ. ಹುನಗುಂದ ತಾಲೂಕಿನ ಕಲ್ಲಮಡುವಿನಲ್ಲಿ ಅವಳ ಬಗ್ಗೆ ಯಾರನ್ನು ಕೇಳಿದರೂ ಮೊದಲು ಹೇಳುತ್ತಿದ್ದದ್ದು ಈ ಮಾತನ್ನೇ. ಬಿದಿರಿನ ದಬ್ಬೆ ಹೆಣೆದು, ತಾಡಪತ್ರಿ ಹೊದಿಸಿ, ಡಾಂಬರು ಬಳಿದ ದುಂಡನೆಯ ಆ ತೆಪ್ಪದಲ್ಲಿ ಅವಳು ಮಲಪ್ರಭೆಯ ಈ ದಂಡೆಯಿಂದ ಆ ದಂಡೆಗೆ ಬಾಣಂತಿಯರನ್ನು ದಾಟಿಸಿದ್ದಳು, ಬೀಗರನ್ನು ದಾಟಿಸಿದ್ದಳು, ಒಂದು ಮಳೆಗಾಲದಲ್ಲಿ ಮತಯಂತ್ರದ ಪೆಟ್ಟಿಗೆ ಸಹಿತ ನಾಲ್ಕು ಮಂದಿ ಸರಕಾರಿ ನೌಕರರನ್ನೂ ದಾಟಿಸಿದ್ದಳು. ಆ ನೌಕರರಲ್ಲಿ ಒಬ್ಬರು ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡೇ ಇದ್ದರಂತೆ. ದಂಡೆ ಬಂತು ಅಂದರೂ ನಂಬಲಿಲ್ಲವಂತೆ.

ಆರು ವರ್ಷದ ಹಿಂದೆ ಸೇತುವೆ ಆಯಿತು. ಜನ ಬಸ್ಸಿನಲ್ಲಿ ದಾಟತೊಡಗಿದರು. ಅಂಬಿಗೇರ ಓಣಿಯ ತೆಪ್ಪಗಳು ಒಂದೊಂದಾಗಿ ಗೋಡೆಗೆ ಒರಗಿದವು. ಬಾಳಮ್ಮ ಮಾತ್ರ ಹೊಳೆ ಬಿಡಲಿಲ್ಲ. ಬೆಳಿಗ್ಗೆ ಬಲೆ ಎತ್ತುವುದು, ಸಿಕ್ಕ ಮೀನನ್ನು ಬುಟ್ಟಿಗೆ ತುಂಬಿಕೊಂಡು ಹುನಗುಂದದ ಬಸ್ಸು ಹತ್ತುವುದು, ಕಂಡಕ್ಟರು ಮೂಗು ಹಿಡಿದುಕೊಂಡು ಹಿಂದಿನ ಸೀಟು ತೋರಿಸಿದರೆ ನಕ್ಕು ಅಲ್ಲಿಗೆ ಹೋಗಿ ಕೂಡುವುದು, ಇದು ಅವಳ ದಿನಚರಿ. ಸಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಯಾವ ಬಂಡೆಯ ಎಷ್ಟು ಭಾಗ ತೊಯ್ದರೆ ಮೇಲಿನ ಡ್ಯಾಮಿನಿಂದ ಎಷ್ಟು ನೀರು ಬಿಟ್ಟಿದ್ದಾರೆ ಎಂಬುದನ್ನು ದಂಡೆಯ ಮೇಲೆ ನಿಂತೇ ಹೇಳುತ್ತಿದ್ದಳು.

ಆ ಓಣಿಯಲ್ಲಿ ಒಂದು ಕಟ್ಟಳೆ ಇದೆ. ಯಾರ ತೆಪ್ಪ ಬೋರಲು ಬೀಳುತ್ತದೋ ಅವರು ತೆಪ್ಪ ನಡೆಸುವ ತಮ್ಮ ಹುಟ್ಟನ್ನು ಮನೆಯ ತೊಲೆಗೆ ಕಟ್ಟಿಬಿಡಬೇಕು. ಒಂದು ವರ್ಷ ತುಂಬಿ ಗಂಗಾಪೂಜೆ ಆಗುವ ತನಕ ಅದನ್ನು ಮುಟ್ಟುವಂತಿಲ್ಲ. ಜೀವಕ್ಕೆ ಏನೂ ಆಗದಿದ್ದರೂ ಅಷ್ಟೇ, ತಪ್ಪು ಗಾಳಿಯದಾದರೂ ಅಷ್ಟೇ. ಯಾಕೆ ಎಂದು ಯಾರಿಗೂ ಗೊತ್ತಿಲ್ಲ. ಹೊಳೆ ಸಿಟ್ಟಾಗಿರುತ್ತದೆ ಎಂದು ಕೆಲವರು, ಕೈಯಲ್ಲಿ ಅಂಜಿಕೆ ಹೊಕ್ಕಿರುತ್ತದೆ, ಅದು ಇಳಿಯಬೇಕು ಎಂದು ಕೆಲವರು. ಬಾಳಮ್ಮನಿಗೆ ತಿಳಿದಿದ್ದು ಇಷ್ಟೇ: ಅವಳು ಈ ಮನೆಗೆ ಬಂದ ಮೇಲೆ ಐದು ಮಂದಿ ಹುಟ್ಟನ್ನು ತೊಲೆಗೆ ಕಟ್ಟಿದ್ದರು, ವರ್ಷ ತುಂಬಿದ ಮೇಲೆ ಒಬ್ಬರೂ ಬಿಚ್ಚಿರಲಿಲ್ಲ.

ಆ ಐವರಲ್ಲಿ ಅವಳ ಗಂಡ ದುರ್ಗಪ್ಪನೂ ಒಬ್ಬ. ಒಂಬತ್ತು ವರ್ಷದ ಹಿಂದೆ ಎರಡು ಆಡು ಮತ್ತು ಮಾಸ್ತರರ ಸೈಕಲ್ಲು ಹೇರಿಕೊಂಡು ಹೋಗುವಾಗ ಆಡುಗಳು ಒಮ್ಮೆಲೇ ಒಂದು ಮಗ್ಗುಲಿಗೆ ಸರಿದು ಅವನ ತೆಪ್ಪ ಮಗುಚಿತು. ಆಡುಗಳು ಈಸಿ ದಂಡೆ ಸೇರಿದವು. ಸೈಕಲ್ಲು ಬೇಸಿಗೆಯಲ್ಲಿ ಸಿಕ್ಕಿತು. ದುರ್ಗಪ್ಪ ಹುಟ್ಟು ಕಟ್ಟಿ, ಒಂದು ವರ್ಷಕ್ಕೆಂದು ಇಳಕಲ್ಲಿಗೆ ಹೋಗಿ ಕಲ್ಲು ಪಾಲಿಶ್ ಮಾಡುವ ಕೆಲಸಕ್ಕೆ ನಿಂತ. ಈಗಲೂ ಅಲ್ಲೇ ಇದ್ದಾನೆ. ರವಿವಾರ ಮನೆಗೆ ಬರುತ್ತಾನೆ, ದಂಡೆಯ ಮೇಲೆ ಹೊಳೆಗೆ ಬೆನ್ನು ಮಾಡಿ ಕುಳಿತು ಬೀಡಿ ಸೇದುತ್ತಾನೆ.

ಕಳೆದ ವರ್ಷ ಗಣಪತಿ ಹಬ್ಬ ಮುಗಿದ ವಾರಕ್ಕೆ ಒಂದು ಜೀಪು ಬಂತು. ಅದರ ಮೇಲೆ ಹಳದಿ ಬಣ್ಣದ ನಾಲ್ಕು ಉದ್ದನೆಯ ಪ್ಲಾಸ್ಟಿಕ್ ದೋಣಿಗಳನ್ನು ಕಟ್ಟಿದ್ದರು. ಓಣಿಯ ಹೆಂಗಸರು ನೋಡಿದ ಕೂಡಲೇ ಅವಕ್ಕೆ ಹಣ್ಣು ಸೌತೀಕಾಯಿ ಎಂದು ಹೆಸರಿಟ್ಟರು. ತಂದವನು ಅನಿಲಕುಮಾರ. ಇಳಕಲ್ಲಿನ ಸೀರೆ ಅಂಗಡಿಯವರ ಮಗ. ಅಂಗಡಿಯಲ್ಲಿ ಕೂಡಲಾರದೆ ದಾಂಡೇಲಿಗೆ ಹೋಗಿ, ಕಾಳಿ ನದಿಯಲ್ಲಿ ಕಯಾಕ್ ಎಂಬ ಈ ದೋಣಿ ನಡೆಸಲು ಕಲಿತು, ಐದು ವರ್ಷ ಅಲ್ಲೇ ಕಲಿಸಿ ಬಂದಿದ್ದ. ಈಗ ತಮ್ಮದೇ ಸೀಮೆಯ ಹೊಳೆಯಲ್ಲಿ, ಮಳೆಗಾಲ ಇಳಿದ ಮೇಲಿನ ತಿಂಗಳುಗಳಲ್ಲಿ, ಹೊಸಬರಿಗೆ ಕಲಿಸುವ ಶಿಬಿರ ಶುರು ಮಾಡಬೇಕೆಂದಿದ್ದ. ಅದಕ್ಕೆ ಹೊಳೆ ಬಲ್ಲವರು ಬೇಕಿತ್ತು. ಊರವರು ಬಾಳಮ್ಮನ ಮನೆ ತೋರಿಸಿದರು.

ಕಲಿಯುವವರಿಗೆ ತಕ್ಕ ನೀರು ತೋರಿಸಿರಿ ಎಂದು ಅವನು ಕೇಳಿದ. ಬಾಳಮ್ಮ ತಡಮಾಡದೆ ಅವನನ್ನು ಊರ ಕೆಳಗಿನ ಮಡುವಿಗೆ ಕರೆದೊಯ್ದಳು. ಕೆನೆಗಟ್ಟಿದ ಹಾಲಿನ ಹಾಗೆ ನಿಂತ ನೀರು. ತನ್ನ ಮಗಳಿಗೆ ಈಸು ಕಲಿಸಿದ್ದು, ತಾನು ಮದುವೆಯಾಗಿ ಬಂದ ಹೊಸತರಲ್ಲಿ ಹುಟ್ಟು ಹಾಕಲು ಕಲಿತದ್ದು ಎಲ್ಲ ಅಲ್ಲಿಯೇ. ಅನಿಲಕುಮಾರ ನೋಡಿ ತಲೆಯಾಡಿಸಿದ. ಇದು ಬರೇ ಮೊದಲೆರಡು ದಿನಕ್ಕೆ ಆಯಿತು, ಮುಂದೆ ಕಲಿಯಲು ಸ್ವಲ್ಪ ಕಾಡುನೀರು ಬೇಕು, ಕಲ್ಲಿನ ಮೇಲೆ ಹಾರಿ ನೊರೆ ಏಳುವಂಥದ್ದು ಎಂದ.

ಬಾಳಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಹೊಳೆಯಲ್ಲಿ ಎರಡು ತರದ ಜಾಗ ಇರುತ್ತವೆ, ಹೋಗುವಂಥದ್ದು ಮತ್ತು ಹೋಗಬಾರದ್ದು ಎಂದು ಅವಳಿಗೆ ಕಲಿಸಿದ್ದರು. ಹೋಗಬಾರದ ಜಾಗಕ್ಕೇ ಕಲಿಯುವವರನ್ನು ಒಯ್ಯುತ್ತೇನೆ ಅನ್ನುವವನಿಗೆ ಏನೆಂದು ತೋರಿಸುವುದು? ಮರುದಿನ, ಕಂಡು ಅಂಜಿ ಹೋಗಲಿ ಎಂದುಕೊಂಡೇ, ಊರಿನಿಂದ ಮೇಲಕ್ಕೆ ಮೂರುಗುಂಡಿನ ಸೆಳವಿಗೆ ಕರೆದೊಯ್ದಳು. ಮೂರು ದೊಡ್ಡ ಬಂಡೆಗಳ ನಡುವೆ ನೀರು ಇಕ್ಕಟ್ಟಾಗಿ ನುಗ್ಗಿ, ಚಹಾದ ಬಣ್ಣದ ತೆರೆಗಳೆದ್ದು, ಮಾತಾಡಿದ್ದು ಕೇಳದಷ್ಟು ಸಪ್ಪಳ. ಅವನು ಅಂಜಲಿಲ್ಲ. ಸಣ್ಣ ಹುಡುಗನ ಹಾಗೆ ಬಂಡೆಯಿಂದ ಬಂಡೆಗೆ ಜಿಗಿದಾಡಿದ.

ಅವನು ಏನು ನೋಡುತ್ತಿದ್ದಾನೆ ಎಂಬುದು ಅವಳಿಗೆ ಮೆಲ್ಲಗೆ ತಿಳಿಯತೊಡಗಿತು. ಸೆಳವಿನ ಕೆಳಗೆ ಅಗಲವಾದ ನಿಂತ ನೀರು ಇದೆಯೇ, ಬಿದ್ದವರು ತೇಲಿ ಅಲ್ಲಿ ನಿಲ್ಲುತ್ತಾರೆಯೇ ಎಂದು ಕೇಳಿದ. ದಂಡೆ ಹತ್ತಲು ಸರಳವೇ, ನೀರಿನಲ್ಲಿ ಜಾಲಿಯ ಟೊಂಗೆ ಸಿಕ್ಕಿಕೊಂಡಿವೆಯೇ, ಮೊಸಳೆ ಉಂಟೇ ಎಂದು ಕೇಳಿದ. ಮೊಸಳೆ ಕೆಳಗೆ ಕೃಷ್ಣೆಯ ಕಡೆಗೆ, ಇಲ್ಲಿ ತಾನು ಕಂಡಿಲ್ಲ ಎಂದು ಅವಳು ಹೇಳಿದಳು. ಅವನು ನಕ್ಷೆ ಬರೆದುಕೊಂಡು, ಬಲಗಡೆಯ ಬಂಡೆಯ ಮಗ್ಗುಲಿಗೆ ಹಾದುಹೋಗುವ ದಾರಿಗೆ ಬಾಣದ ಗುರುತು ಹಾಕಿದ. ಅಲ್ಲಿ ನೀರು ನೋಡಲು ಎಲ್ಲಕ್ಕಿಂತ ನುಣ್ಣಗಿತ್ತು. ಬಾಳಮ್ಮ ಅವನ ಅಂಗಿ ಹಿಡಿದು ಎಳೆದಳು.

“ಆ ಕಡೆ ಬ್ಯಾಡ್ರಿ. ಆ ಬಂಡಿ ಹೊಟ್ಟಿ ಪೊಳ್ಳ ಐತಿ. ಒಳಗ ಹೋದ ಎಮ್ಮಿ ನಾಕು ದಿನಕ್ಕ ಹೊರಗ ಬಂತು.”

ಅವನು ನಂಬದೆ, ಜೀಪಿನಲ್ಲಿದ್ದ ಒಂದು ತೆಂಗಿನಕಾಯಿ ತಂದು ಆ ನೀರಿಗೆ ಒಗೆದ. ಕಾಯಿ ನೆಟ್ಟಗೆ ಬಂಡೆಯ ಬುಡಕ್ಕೆ ಹೋಗಿ ಮುಳುಗಿತು. ಇಬ್ಬರೂ ಕೆಳಗಿನ ಮಡುವನ್ನೇ ನೋಡುತ್ತ ನಿಂತರು. ಕಾಯಿ ಬರಲಿಲ್ಲ. ಅನಿಲಕುಮಾರ ಬಾಣ ಅಳಿಸಿ ಎಡಗಡೆಗೆ ಹಾಕಿದ. ಆಮೇಲೆ, ಶಿಬಿರದಲ್ಲಿ ಹೊಳೆ ಕಾಯುವ ಕೆಲಸಕ್ಕೆ ನೀವೇ ಬರಬೇಕು, ತಿಂಗಳ ಪಗಾರ ಕೊಡುತ್ತೇನೆ, ಹತ್ತು ದಿನದ ತರಬೇತಿ ಮುಗಿಸಿ ಒಂದು ಪರೀಕ್ಷೆ ಪಾಸಾದರೆ ಸಾಕು ಎಂದ. ಹೊಳೆಯ ಮೇಲಿನ ಕೆಲಸಕ್ಕೆ ಪಗಾರ ಎಂಬುದನ್ನು ಬಾಳಮ್ಮ ಕೇಳಿಯೇ ಇರಲಿಲ್ಲ. ಮೀನು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿತ್ತು. ಇಳಕಲ್ಲಿನಲ್ಲಿ ನಿನಗೂ ಕೆಲಸ ನೋಡುತ್ತೇನೆ, ಬಂದುಬಿಡು ಎಂದು ದುರ್ಗಪ್ಪ ಪ್ರತಿ ರವಿವಾರ ಹೇಳುತ್ತಿದ್ದ. ಈ ಕೆಲಸ ಸಿಕ್ಕರೆ ಹೊಳೆ ಬಿಟ್ಟು ಹೋಗುವುದು ತಪ್ಪುತ್ತದೆ. ಅವಳು ಪರೀಕ್ಷೆ ಎಂಥದ್ದು ಎಂದು ಕೇಳದೆ ಹೂಂ ಅಂದಳು.

ತರಬೇತಿಗೆ ಮೂವರು ಬಂದರು. ಅವರಲ್ಲಿ ಪದ್ಮಶ್ರೀ ಎಂಬಾಕೆ ಬಾಗಲಕೋಟೆಯಲ್ಲಿ ದೈಹಿಕ ಶಿಕ್ಷಣ ಓದುತ್ತಿದ್ದ ಹುಡುಗಿ, ಬಾಯಿ ಬಲು ಜೋರು. ಮೊದಲ ದಿನ ಮಡುವಿನಲ್ಲಿ ಅನಿಲಕುಮಾರ ಏನೋ ಹೇಳಿದ, ಪದ್ಮಶ್ರೀ ತಲೆ ಆಡಿಸಿದಳು, ಮರುಗಳಿಗೆಯಲ್ಲಿ ಅವಳ ಕಯಾಕು ತಲೆಕೆಳಗಾಯಿತು. ತನ್ನ ತೆಪ್ಪದಲ್ಲಿ ಕುಳಿತು ನೋಡುತ್ತಿದ್ದ ಬಾಳಮ್ಮ ಹಿಂದೆ ಮುಂದೆ ನೋಡದೆ ನೀರಿಗೆ ಧುಮುಕಿದಳು. ಮುಳುಗುವವರ ಕೈ ಹಿಡಿಯಬಾರದು, ಹಿಡಿದರೆ ನಮ್ಮನ್ನೂ ಒಳಗೆಳೆಯುತ್ತಾರೆ, ಕೂದಲು ಹಿಡಿಯಬೇಕು ಎಂಬುದು ಅಂಬಿಗರ ಪದ್ಧತಿ. ಆಗಲೇ ಹೊರಬಂದು ಮೇಲೆದ್ದಿದ್ದ ಪದ್ಮಶ್ರೀಯ ಜಡೆಯನ್ನು ಕೈಗೆ ಸುತ್ತಿಕೊಂಡು ದಂಡೆಗೆ ಎಳೆದುಕೊಂಡು ಹೋದಳು.

“ಯವ್ವಾ, ಜಡಿ ಬಿಡ್ರಿ. ನಾ ಸಾಯಾಕತ್ತಿಲ್ಲ, ಪಾಠ ಕಲ್ಯಾಕತ್ತೇನಿ,” ಎಂದಳು ಪದ್ಮಶ್ರೀ, ನೀರು ಉಗುಳುತ್ತ.

ದಂಡೆಯ ಮೇಲೆ ಅರಿವೆ ಒಗೆಯುತ್ತಿದ್ದ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಬಾಳಮ್ಮ ನಗಲಿಲ್ಲ. ಬೋರಲು ಬೀಳುವುದೇ ಮೊದಲ ಪಾಠ ಎಂದು ಅನಿಲಕುಮಾರ ವಿವರಿಸಿದಾಗ ಅವಳಿಗೆ ಅದು ಹುಚ್ಚರ ಮಾತಿನ ಹಾಗೆ ಕೇಳಿಸಿತು. ಈ ದೋಣಿ ಇಂದಲ್ಲ ನಾಳೆ ಮಗುಚಿಯೇ ಮಗುಚುತ್ತದೆ, ಮಗುಚಿದಾಗ ಗಾಬರಿಯಾಗದೆ ಹೊರಗೆ ಬರಲು ಬರಬೇಕು, ಅದಕ್ಕೆ ಬೇಕೆಂದೇ ಬೀಳುವುದು ಎಂದ ಅವನು. ಮಾತಿನ ಕೊನೆಗೆ, ನಿಮ್ಮ ಪರೀಕ್ಷೆಯೂ ಇದೇ ಅಕ್ಕಾರ ಎಂದು ಸೇರಿಸಿದ. ಕಯಾಕಿನಲ್ಲಿ ಕುಳಿತು, ಬೋರಲು ಬಿದ್ದು, ಹೊರಬಂದು, ದೋಣಿ ಮತ್ತು ಹುಟ್ಟು ಎರಡನ್ನೂ ಹಿಡಿದುಕೊಂಡು ದಂಡೆ ಸೇರಬೇಕು. ಇದು ತಾನು ಮಾಡಿದ ಕಾಯ್ದೆಯಲ್ಲ, ಇದಿಲ್ಲದೆ ಶಿಬಿರಕ್ಕೆ ಪರವಾನಗಿ ಸಿಗುವುದಿಲ್ಲ ಎಂದ.

ಅವತ್ತು ಬಾಳಮ್ಮ ಬಲೆ ಬಿಡಲು ಮರೆತಳು. ಬೀಳದಿದ್ದರೆ ಹೊಳೆಯ ಕೆಲಸ ಸಿಗುವುದಿಲ್ಲ. ಬಿದ್ದರೆ ಹುಟ್ಟು ಮುಟ್ಟುವಂತಿಲ್ಲ. ಹುಟ್ಟು ಮುಟ್ಟದವಳಿಗೆ ಹೊಳೆಯ ಕೆಲಸ ಸಿಕ್ಕು ಪ್ರಯೋಜನವೇನು? ಅತ್ತಲಿಂದ ಇತ್ತ, ಇತ್ತಲಿಂದ ಅತ್ತ ಎಷ್ಟು ಸಲ ತಿರುವಿ ನೋಡಿದರೂ ಆ ಲೆಕ್ಕ ಅವಳಿಗೆ ಬಿಡಿಸಲು ಆಗಲಿಲ್ಲ.

ರವಿವಾರ ಬಂದ ಗಂಡನನ್ನು ಕೇಳಿದಳು. ದುರ್ಗಪ್ಪ ಮನಸಾರೆ ನಕ್ಕ. ನಾನು ಪುಕ್ಕಟೆ ಬಿದ್ದೆ, ನೀನು ಪಗಾರ ತಗೊಂಡು ಬೀಳುತ್ತೀ, ಶಾಣ್ಯಾಕಿ ನೀನೇ ಎಂದ. ಆಮೇಲೆ ನಗು ನಿಲ್ಲಿಸಿ ಬೀಡಿ ಆರಿಸಿದ. ಒಂದು ವರ್ಷ ಅಂದರೆ ಒಂದೇ ವರ್ಷ ಎಂದು ನಾನೂ ತಿಳಿದಿದ್ದೆ, ಅದು ತುಂಬಿದ ದಿನ ತೊಲೆಯ ಕೆಳಗೆ ನಿಂತೆ, ಕೈ ಮೇಲೆ ಏಳಲಿಲ್ಲ ಎಂದ.

ಕಡೆಗೆ ಅತ್ತೆಯ ಮುಂದೆ ಕುಳಿತಳು. ಸಕ್ರವ್ವನಿಗೆ ಎಪ್ಪತ್ತೆರಡು. ಮೊಳಕಾಲು ನೋವೆಂದು ಹನ್ನೆರಡು ವರ್ಷದಿಂದ ತೆಪ್ಪ ಹತ್ತಿಲ್ಲ. ಓಣಿಯ ಕಟ್ಟಳೆಗಳಿಗೆ ಅವಳ ಮಾತೇ ಕೊನೆ. ಬಾಳಮ್ಮ ಸುತ್ತು ಹಾಕಿ ಕೇಳಿದಳು: ಅದು ಬಿದಿರಿನದಲ್ಲ, ದುಂಡಗಿಲ್ಲ, ಯಾರನ್ನೂ ದಾಟಿಸುವುದೂ ಇಲ್ಲ, ಅದಕ್ಕೂ ಕಟ್ಟಳೆ ಹತ್ತುತ್ತದೆಯೇ? ಸಕ್ರವ್ವ ಎಲೆ ಮಡಿಚಿ ಬಾಯಿಗೆ ಇಟ್ಟುಕೊಂಡಳು.

“ನೀರಿನ ಮ್ಯಾಲ ಮನಷಾರನ್ನ ಹೊತ್ತದ್ದೆಲ್ಲಾ ತೆಪ್ಪನ. ಬೀಳೂದು ಬಿಡೂದು ನಿನಗ ಬಿಟ್ಟದ್ದು. ಬಿದ್ದರ ಹುಟ್ಟು ಕಟ್ಟೂದು ನನಗ ಬಿಟ್ಟದ್ದು.”

ಬಾಳಮ್ಮ ಬೀಳುವುದಿಲ್ಲ ಎಂದು ನಿಶ್ಚಯಿಸಿದಳು. ಬೆಳಗಾದರೆ ಹೋಗಿ ಹೇಳಿಬಿಡಬೇಕು, ಬೇರೆ ಯಾರನ್ನಾದರೂ ನೋಡಿಕೊಳ್ಳಲಿ. ಹೋದಳು. ಆದರೆ ಹೇಳುವ ಮೊದಲೇ ಮಡುವಿನಲ್ಲಿ ಒಂದು ಸಂಗತಿ ನಡೆಯಿತು.

ಕಯಾಕಿನಲ್ಲಿ ಕೂಡುವವರು ಸೊಂಟಕ್ಕೆ ಲಂಗದಂಥ ರಬ್ಬರಿನ ಒಂದು ಪರಕಾರ ಕಟ್ಟಿಕೊಂಡು, ಅದರ ಅಂಚನ್ನು ದೋಣಿಯ ಬಾಯಿಗೆ ಬಿಗಿಯಾಗಿ ಕೂಡಿಸುತ್ತಾರೆ, ನೀರು ಒಳಗೆ ಬಾರದಿರಲಿ ಎಂದು. ಮುಂದೆ ಒಂದು ಕುಣಿಕೆ ಇರುತ್ತದೆ. ಬಿದ್ದಾಗ ಅದನ್ನು ಜಗ್ಗಿದರೆ ಪರಕಾರ ಕಳಚಿ ಮನುಷ್ಯ ಹೊರಗೆ ಬರುತ್ತಾನೆ. ಪದ್ಮಶ್ರೀ ಅವತ್ತು ಅದನ್ನು ಕಟ್ಟುವಾಗ ಕುಣಿಕೆ ಒಳಗೇ ಉಳಿದಿತ್ತು. ಯಾರೂ ನೋಡಲಿಲ್ಲ. ಅವಳು ಬೋರಲು ಬಿದ್ದಳು, ಹೊರಗೆ ಬರಲಿಲ್ಲ. ಹಳದಿ ದೋಣಿಯ ಹೊಟ್ಟೆ ಮೇಲಾಗಿ ಅಲುಗಾಡುತ್ತಿತ್ತು. ಬಾಳಮ್ಮ ಧುಮುಕಿ, ನೀರೊಳಗೆ ತಡಕಾಡಿ, ಜಡೆ ಹಿಡಿದು ಇದ್ದ ಬಲವೆಲ್ಲ ಹಾಕಿ ಎಳೆದಳು. ಹುಡುಗಿ ಬರಲಿಲ್ಲ. ಕಾಲು ದೋಣಿಯೊಳಗೆ ಸಿಕ್ಕವಳು ಬರುವುದಾದರೂ ಹೇಗೆ? ಮೂವತ್ತೊಂದು ವರ್ಷದಲ್ಲಿ ಅವಳ ಕೈ ಹಿಡಿದದ್ದು ಬಾರದೆ ಉಳಿದದ್ದು ಅದೇ ಮೊದಲು. ಅಷ್ಟರಲ್ಲಿ ಅನಿಲಕುಮಾರ ಈಸಿ ಬಂದು, ಬಾಳಮ್ಮನನ್ನು ಆಚೆ ನೂಕಿ, ಮಗ್ಗುಲಿನಿಂದ ಪರಕಾರ ಕಿತ್ತು ಹುಡುಗಿಯನ್ನು ಹೊರಗೆಳೆದ.

ಪದ್ಮಶ್ರೀ ದಂಡೆಯ ಮೇಲೆ ಕೆಮ್ಮಿ ಕೆಮ್ಮಿ ಎದ್ದು ಕುಳಿತಳು. ತುಸು ಹೊತ್ತಿಗೆ ಚಹಾ ಕುಡಿದು ಹರಟೆಗೆ ಶುರುವಿಟ್ಟಳು. ಬಾಳಮ್ಮ ಮಾತ್ರ ಆ ದೋಣಿಯ ಬಾಯೊಳಗೆ ಕೈ ಹಾಕಿ ನೋಡಿದಳು. ತಾನು ಕೂದಲು ಜಗ್ಗಿದಷ್ಟೂ ಆ ಹುಡುಗಿಗೆ ತೊಂದರೆಯೇ ಆಗಿತ್ತು. ಆ ದೋಣಿಯೊಳಗೆ ಕಾಲು ಎಲ್ಲಿರುತ್ತವೆ, ಕೈ ಎಲ್ಲಿಗೆ ಮುಟ್ಟುತ್ತದೆ, ತಲೆಕೆಳಗಾದಾಗ ಮೇಲು ಯಾವುದು ಕೆಳಗು ಯಾವುದು, ಇದೊಂದೂ ತನಗೆ ಗೊತ್ತಿಲ್ಲ. ಗೊತ್ತಿಲ್ಲದವಳು ಇಲ್ಲಿ ಕಾವಲು ಕೂಡುವುದಕ್ಕಿಂತ ಕೂಡದಿರುವುದೇ ವಾಸಿ. ತಾನು ಹೊರಟುಹೋದರೆ? ಆಗ ಪೊಳ್ಳು ಬಂಡೆಯ ಸಂಗತಿ ಬಲ್ಲವರು ಅಲ್ಲಿ ಯಾರೂ ಇರುವುದಿಲ್ಲ. ಬಿಡುತ್ತೇನೆ ಎಂದು ಹೇಳಲು ಬಂದವಳು ಬಾಯಿ ತೆರೆದು, ನನ್ನ ಪರೀಕ್ಷೆ ಯಾವತ್ತು ಎಂದು ಕೇಳಿದಳು. ಹಾಗೆ ಕೇಳಿದ್ದು ಅವಳಿಗೇ ಸೋಜಿಗವಾಯಿತು.

ಉಳಿದ ದಿನಗಳಲ್ಲಿ ದಂಡೆಯ ಮೇಲೆಯೇ ಕಯಾಕಿನಲ್ಲಿ ಕುಳಿತು ಪರಕಾರ ಕೂಡಿಸುವುದು, ಕುಣಿಕೆ ಜಗ್ಗುವುದು ಕಲಿತಳು. ಪರೀಕ್ಷೆಯ ದಿನ ಓಣಿಯ ಅರ್ಧ ಮಂದಿ ದಂಡೆಗೆ ಬಂದಿದ್ದರು. ಸಕ್ರವ್ವನೂ ಕೋಲೂರಿಕೊಂಡು ಬಂದು, ಬಾಳಮ್ಮನ ತೆಪ್ಪದ ಮಗ್ಗುಲಿಗೆ ಕಲ್ಲಿನ ಮೇಲೆ ಕುಳಿತಳು. ಬಾಳಮ್ಮ ಸೀರೆಯ ಕಚ್ಚೆ ಹಾಕಿ, ತೇಲುವ ಜಾಕೀಟು ತೊಟ್ಟು, ಕುಣಿಕೆ ಹೊರಗಿದೆಯೇ ಎಂದು ಮೂರು ಸಲ ನೋಡಿಕೊಂಡು ಕಯಾಕಿನಲ್ಲಿ ಕುಳಿತಳು. ಮಡುವಿನ ನಡುವೆ ಬಂದು ಬಲಕ್ಕೆ ವಾಲಿದಳು. ದೋಣಿ ಒಂದು ಮಗ್ಗುಲಾಗಿ ಹೋಗಿ ಮತ್ತೆ ನೆಟ್ಟಗಾಯಿತು. ಎಡಕ್ಕೆ ವಾಲಿದಳು. ಮತ್ತೆ ನೆಟ್ಟಗಾಯಿತು. ಅವಳು ಬೀಳಬೇಕೆಂದರೂ ಅವಳ ಸೊಂಟ ಬೀಳಗೊಡಲಿಲ್ಲ. ಏಳು ಸಲ ಹೀಗೆಯೇ ಆಯಿತು. ದಂಡೆಯ ಮೇಲೆ ಯಾರೋ, ಬೀಳಾಕೂ ಬರೂದಿಲ್ಲ ನೋಡು ಈಕಿಗೆ ಅಂದರು. ಎಲ್ಲರೂ ನಕ್ಕರು. ಅನಿಲಕುಮಾರ ಮಾತ್ರ ನಗದೆ ಬಾಯಿ ತೆರೆದು ನೋಡುತ್ತಿದ್ದ. ಹೀಗೆ ಸೊಂಟ ತಿರುವಿ ದೋಣಿ ನೆಟ್ಟಗೆ ಮಾಡುವುದನ್ನು ಕಲಿಸಲು ತನಗೆ ಒಂದು ತಿಂಗಳು ಹಿಡಿಯುತ್ತದೆ ಎಂದು ಪದ್ಮಶ್ರೀಗೆ ಹೇಳಿದ.

ಬಾಳಮ್ಮ ಹುಟ್ಟನ್ನು ತೊಡೆಯ ಮೇಲೆ ಅಡ್ಡ ಇಟ್ಟಳು. ಮೂವತ್ತೊಂದು ವರ್ಷದಲ್ಲಿ ಬೀಳದ್ದು ತನ್ನ ಜಾಣತನ ಎಂದು ತಿಳಿದಿದ್ದಳು. ಈಗ ನೋಡಿದರೆ ಬೀಳುವುದು ತನ್ನ ಕೈಯಲ್ಲೇ ಇರಲಿಲ್ಲ. ಹಾಗಾದರೆ ಬೀಳದಿರುವುದಾದರೂ ತನ್ನ ಕೈಯಲ್ಲಿತ್ತೇ? ಹುಟ್ಟು ಕೈಯಲ್ಲಿರುವ ತನಕ ಮೈ ಬೀಳದು ಅನ್ನಿಸಿ, ಪಕ್ಕದಲ್ಲಿ ಈಸುತ್ತಿದ್ದ ಪದ್ಮಶ್ರೀಯನ್ನು ಕರೆದು ಎರಡು ಬದಿಗೂ ಹಲಗೆಯಿದ್ದ ಆ ಉದ್ದನೆಯ ಹುಟ್ಟನ್ನು ಅವಳ ಕೈಗೆ ಕೊಟ್ಟಳು. ಕೈ ಬರಿದಾಯಿತು. ಉಸಿರು ಎಳೆದುಕೊಂಡು ವಾಲಿದಳು. ಈ ಸಲ ಸೊಂಟ ತಡೆಯಲಿಲ್ಲ.

ನೀರೊಳಗೆ ಕಣ್ಣು ತೆರೆದಳು. ಕೆಂಪು ಮಣ್ಣಿನ ಬಣ್ಣದ ಮಬ್ಬು ಬೆಳಕು, ಕಿವಿಯಲ್ಲಿ ದೂರದ ಸೆಳವಿನ ಸಪ್ಪಳ. ತಾನು ತಲೆಕೆಳಗಾಗಿದ್ದೇನೆ ಎಂದು ಗೊತ್ತಿದ್ದರೂ ಹೊಳೆಯೇ ಮಗುಚಿ ತನ್ನ ಮೇಲೆ ಕೂತಿದೆ ಎಂದು ಅನ್ನಿಸಿತು. ಕುಣಿಕೆ ಎಲ್ಲಿ? ಎದೆಯ ಹತ್ತಿರ ತಡಕಿದಳು, ಇರಲಿಲ್ಲ. ಮುಂದೆ ತಡಕಿದಳು. ಸಿಕ್ಕಿತು. ಜಗ್ಗಿದಳು, ಕಾಲು ಕಳಚಿತು, ಮೇಲೆ ಬಂದಳು. ಪದ್ಮಶ್ರೀ ನೀರಿಗೆ ಬಿಟ್ಟ ಹುಟ್ಟನ್ನು ಒಂದು ಕೈಯಲ್ಲಿ, ದೋಣಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ದಂಡೆ ಸೇರಿದಳು.

ಅನಿಲಕುಮಾರ ಪಾಸು ಎಂದು ಕೈ ಎತ್ತಿದ. ಅಷ್ಟರಲ್ಲಿ ಸಕ್ರವ್ವ ಎದ್ದು, ತೆಪ್ಪದೊಳಗಿದ್ದ ಬಾಳಮ್ಮನ ಹುಟ್ಟನ್ನು ಎತ್ತಿಕೊಂಡು ಮನೆಯ ದಾರಿ ಹಿಡಿದಿದ್ದಳು. ಬಾಳಮ್ಮ ಮನೆಗೆ ಹೋಗುವಷ್ಟರಲ್ಲಿ ದುರ್ಗಪ್ಪನ ಹುಟ್ಟಿನ ಮಗ್ಗುಲಿಗೆ ಅವಳದೂ ತೊಲೆಗೆ ಬಿಗಿದಾಗಿತ್ತು.

ರೊಟ್ಟಿ ತಟ್ಟುತ್ತ ಬಾಳಮ್ಮ ಧೈರ್ಯ ಮಾಡಿ ಒಂದೇ ಮಾತು ಕೇಳಿದಳು. “ಅತ್ತೀ, ಆ ಎರಡು ಹಲಗೀ ಪ್ಲಾಸ್ಟಿಕ್ ಹುಟ್ಟು ಮುಟ್ಟಬಹುದೇನು?”

“ಅದನ್ನ ನಮ್ಮ ಹಿರೇರು ಕಂಡಿರಲಿಲ್ಲ,” ಎಂದಳು ಸಕ್ರವ್ವ. “ನಾ ಹೆಂಗ ಹೇಳಲಿ?”

ಕಯಾಕು ತೆಪ್ಪ ಎಂದವಳು ಇವಳೇ. ಅದು ತೆಪ್ಪವಾದ ಮೇಲೆ ಅದರ ಹುಟ್ಟು ಹುಟ್ಟಲ್ಲವೇ ಎಂದು ಕೇಳಬೇಕೆಂದು ಬಾಳಮ್ಮನ ನಾಲಿಗೆಯ ತುದಿಗೆ ಬಂತು. ಕೇಳಿದರೆ ಏನು ಹೇಳುತ್ತಾಳೋ ಎಂದು ಅಂಜಿ ಕೇಳಲಿಲ್ಲ. ಸೋಮವಾರದಿಂದ ಶಿಬಿರದ ಕೆಲಸಕ್ಕೆ ಬರುತ್ತೇನೆ ಎಂದು ಅನಿಲಕುಮಾರನಿಗೆ ಹೇಳಿ ಕಳಿಸಿದಳು.

ಆದರೆ ನಡುವೆ ರವಿವಾರ ಇತ್ತು, ಹೊಳೆಯಲ್ಲಿ ಬಿಟ್ಟ ಬಲೆ ಇತ್ತು, ಎತ್ತುವವರು ಇರಲಿಲ್ಲ. ದುರ್ಗಪ್ಪ ಬಂದವನು ಎರಡು ಹುಟ್ಟು ತೂಗುತ್ತಿದ್ದ ತೊಲೆಯನ್ನು ನೋಡಿ, ಹೆಂಡತಿಯ ಮುಖ ನೋಡಿ, ನಗಬೇಕೋ ಬೇಡವೋ ತಿಳಿಯದೆ ಹೊರಗೆ ಹೋಗಿ ಕುಳಿತ. ಆಗ ಸಕ್ರವ್ವ ಅಟ್ಟದ ಮೇಲಿಂದ ತನ್ನ ಹಳೆಯ ಹುಟ್ಟು ಇಳಿಸಿಕೊಡಲು ಹೇಳಿ, ಮೊಳಕಾಲಿಗೆ ಎಣ್ಣೆ ತಿಕ್ಕಿಕೊಂಡು, ನಡಿ ಎಂದಳು.

ಬಾಳಮ್ಮ ತನ್ನದೇ ತೆಪ್ಪದಲ್ಲಿ ದಾಟುವವರ ಜಾಗದಲ್ಲಿ ಕುಳಿತಳು. ಕೈ ಎಲ್ಲಿ ಇಟ್ಟುಕೊಳ್ಳಬೇಕು ಎಂಬುದೇ ತಿಳಿಯಲಿಲ್ಲ. ತೊಡೆಯ ಮೇಲೆ ಇಟ್ಟಳು, ಸೆರಗಿನಲ್ಲಿ ಸುತ್ತಿದಳು, ಮತ್ತೆ ತೆಗೆದಳು. ಸಕ್ರವ್ವ ಹನ್ನೆರಡು ವರ್ಷದ ಮೇಲೆ ಹುಟ್ಟು ಹಾಕುತ್ತಿದ್ದಳು. ತೆಪ್ಪ ತಿರುತಿರುಗಿ ಬಲೆಯ ಕಡೆಗೆ ಹೋಗುವುದು ಬಿಟ್ಟು ಜಾಲಿಯ ಟೊಂಗೆಗಳ ಕಡೆಗೆ ಹೊರಟಿತ್ತು. ದಾರಿ ಹೇಳಿದರೆ ಹುಟ್ಟು ಮುಟ್ಟಿದ ಹಾಗೆ ಆಗುತ್ತದೆಯೋ ಇಲ್ಲವೋ ಎಂದು ಬಾಳಮ್ಮ ಯೋಚಿಸಿದಳು. ಕಟ್ಟಳೆಯಲ್ಲಿ ಅದೂ ಇರಲಿಲ್ಲ. ಟೊಂಗೆ ಒಂದು ಮಾರಿನಷ್ಟು ಹತ್ತಿರ ಬಂತು.

“ಎಡಕ್ಕ, ಅತ್ತೀ,” ಎಂದಳು.

ಸಕ್ರವ್ವ ಅವಳ ಕಡೆ ನೋಡಲಿಲ್ಲ. ಹುಟ್ಟನ್ನು ಎಡಕ್ಕೆ ಹಾಕಿದಳು.